ಒಮೆಪ್ರಜೋಲ್

ಒಮೆಪ್ರಜೋಲ್ ಎಂಬುದು ಜಠರದಲ್ಲಿ ಆಮ್ಲ ಸ್ರವಿಸುವ ಕಟ್ಟಕಡೆಯ ಹಂತವನ್ನು ತಡೆಯುವ ಸಂಶ್ಲೇಷಿತ ಔಷಧ. ಜಠರದ ಹುಣ್ಣು, ಜಠರಕ್ಕೆ ಹೊಂದಿಕೊಂಡಿರುವ ಸಣ್ಣ ಕರುಳಿನ ಮೊದಲ ಭಾಗವಾದ ಡುಯೋಡಿನಮ್ಮಿನ ಹುಣ್ಣು, ಜಠರರಸ ಅನ್ನನಾಳಕ್ಕೆ ಮರಳುವುದರಿಂದ ಬರುವ ಎದೆಯುರಿ ಮತ್ತು ಹುಳಿತೇಗು, ನೋವಿನ ಮಾತ್ರೆಗಳಿಂದ ಜಠರದ ಒಳಪೊರೆಗೆ ಆಗುವ ಗಾಯ ಇವುಗಳ ಚಿಕಿತ್ಸೆಯಲ್ಲಿ ಇದನ್ನು ಬಳಸುತ್ತಾರೆ. 1979ರಲ್ಲಿ ಸ್ವೀಡನ್ನಿನಲ್ಲಿ ತಯಾರಾಗಿ 1988ರಲ್ಲಿ ಮಾರುಕಟ್ಟೆಗೆ ಬಂದ ಈ ಔಷಧದ ಜಾಡಿನಲ್ಲೇ ಮುಂದೆ ಲ್ಯಾನ್ಸೊಪ್ರಜೋಲ್, ಪ್ಯಾಂಟೊಪ್ರಜೋಲ್, ರೇಬಿಪ್ರಜೋಲ್, ಎಸೊಮೆಪ್ರಜೋಲ್ ಮೊದಲಾದವು ಬಂದವು. ಇವುಗಳ ಬಳಗಕ್ಕೆ ಪ್ರೋಟಾನ್ ಪಂಪ್ ನಿರೋಧಕಗಳೆಂದು ಹೆಸರು. ಕರ್ನಾಟಕದ ಔಷಧದಂಗಡಿಗಳಲ್ಲಿ ಜನ ‘ಗ್ಯಾಸ್ಟ್ರಿಕ್ ಮಾತ್ರೆ’ ಎಂದು ಕೇಳಿ ಪಡೆಯುವುದು ಸಾಮಾನ್ಯವಾಗಿ ಈ ಬಳಗದ ಒಂದು ಮಾತ್ರೆಯನ್ನೇ. ಆದರೆ ಆ ಹೆಸರಿನಡಿ ಜನ ಹೇಳುವ ಹೊಟ್ಟೆಯುಬ್ಬರ, ತೇಗು, ವಾಯು ಇವುಗಳಲ್ಲಿ ಹಲವಕ್ಕೆ ಆಮ್ಲ ಕಾರಣವೇ ಅಲ್ಲ.

ಜಠರಾಮ್ಲ ಮತ್ತು ಹುಣ್ಣು

ವಯಸ್ಕ ಮನುಷ್ಯನ ಜಠರ ದಿನಕ್ಕೆ ಸುಮಾರು ಒಂದೂವರೆಯಿಂದ ಎರಡು ಲೀಟರಿನಷ್ಟು ರಸವನ್ನು ಸ್ರವಿಸುತ್ತದೆ. ಇದರಲ್ಲಿರುವ ತೀಕ್ಷ್ಣ ಪದಾರ್ಥ ಹೈಡ್ರೋಕ್ಲೋರಿಕ್ ಆಮ್ಲವೇ ಎಂದು ಇಂಗ್ಲೆಂಡಿನ ವಿಲಿಯಂ ಪ್ರೌಟ್ 1824ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿದ. ಆಹಾರದೊಡನೆ ಬರುವ ಸೂಕ್ಷ್ಮಜೀವಿಗಳನ್ನು ಕೊಲ್ಲುವುದು, ಪ್ರೋಟೀನನ್ನು ಒಡೆಯುವ ಪೆಪ್ಸಿನ್ ಎಂಬ ಕಿಣ್ವವನ್ನು ಚುರುಕುಗೊಳಿಸುವುದು, ಕಬ್ಬಿಣ ಮತ್ತು ಬಿ12 ಜೀವಸತ್ವ ರಕ್ತ ಸೇರಲು ದಾರಿ ಮಾಡುವುದು ಈ ಆಮ್ಲದ ಕೆಲಸಗಳು. ಇಷ್ಟು ತೀಕ್ಷ್ಣವಾದ ದ್ರವ ತನ್ನನ್ನು ಹಿಡಿದಿಟ್ಟ ಅಂಗವನ್ನೇ ಜೀರ್ಣಿಸದಿರುವುದಕ್ಕೆ ಜಠರದ ಒಳಮೈಯ ಲೋಳೆ, ಅದರಡಿ ಸ್ರವಿಸುವ ಬೈಕಾರ್ಬೊನೇಟ್ ಮತ್ತು ನಿರಂತರವಾಗಿ ಹೊಸದಾಗುತ್ತಿರುವ ಜೀವಕೋಶಗಳ ಪದರ ಕಾರಣ. ಈ ಕಾವಲು ಸಡಿಲವಾದ ಜಾಗದಲ್ಲಿ ಆಮ್ಲ ಮತ್ತು ಪೆಪ್ಸಿನ್ ಗೋಡೆಯನ್ನು ಕೊರೆದಾಗ ಉಂಟಾಗುವುದೇ ಪೆಪ್ಟಿಕ್ ಹುಣ್ಣು. ಆಮ್ಲವಿಲ್ಲದೆ ಹುಣ್ಣಿಲ್ಲ ಎಂಬ ಸೂತ್ರವನ್ನು ಕಾರ್ಲ್ ಶ್ವಾರ್ಟ್ಸ್ 1910ರಲ್ಲಿ ಮುಂದಿಟ್ಟ ಮೇಲೆ, ಮುಂದಿನ ಮುಕ್ಕಾಲು ಶತಮಾನದ ಚಿಕಿತ್ಸೆಯೆಲ್ಲ ಆಮ್ಲವನ್ನು ತಗ್ಗಿಸುವ ದಾರಿಗಳ ಹುಡುಕಾಟವಾಯಿತು.

ಆಮ್ಲ ಹುಟ್ಟುವುದು ಜಠರದ ಮೇಲ್ಭಾಗದ ಗ್ರಂಥಿಗಳಲ್ಲಿರುವ ಪೆರೈಟಲ್ ಜೀವಕೋಶಗಳಲ್ಲಿ. ಅವುಗಳಿಗೆ ಅಪ್ಪಣೆ ಮೂರು ಕಡೆಯಿಂದ ಬರುತ್ತದೆ: ಮಿದುಳಿನಿಂದ ಇಳಿಯುವ ವೇಗಸ್ ನರದ ತುದಿಯಲ್ಲಿ ಬಿಡುಗಡೆಯಾಗುವ ಅಸಿಟೈಲ್‌ಕೋಲಿನ್, ಊಟ ಜಠರ ಸೇರಿದಾಗ ರಕ್ತಕ್ಕೆ ಬರುವ ಗ್ಯಾಸ್ಟ್ರಿನ್ ಎಂಬ ಹಾರ್ಮೋನು, ಮತ್ತು ಪಕ್ಕದ ಜೀವಕೋಶಗಳು ಹೊರಬಿಡುವ ಹಿಸ್ಟಮೀನ್. ಅಪ್ಪಣೆ ಯಾವ ಬಾಗಿಲಿನಿಂದ ಬಂದರೂ ಕೊನೆಗೆ ಕೆಲಸ ಮಾಡುವುದು ಒಂದೇ ಯಂತ್ರ. ಜೀವಕೋಶದ ಪೊರೆಯಲ್ಲಿರುವ ಹೈಡ್ರೋಜನ್-ಪೊಟ್ಯಾಸಿಯಂ ಎಟಿಪಿಯೇಸ್ ಎಂಬ ಕಿಣ್ವ ಒಂದು ಪೊಟ್ಯಾಸಿಯಂ ಅಯಾನನ್ನು ಒಳಗೆಳೆದುಕೊಂಡು ಒಂದು ಹೈಡ್ರೋಜನ್ ಅಯಾನನ್ನು, ಅಂದರೆ ಪ್ರೋಟಾನನ್ನು, ಜಠರದೊಳಕ್ಕೆ ತಳ್ಳುತ್ತದೆ. ರಕ್ತದಲ್ಲಿರುವುದಕ್ಕಿಂತ ಹತ್ತು ಲಕ್ಷ ಪಟ್ಟಿಗೂ ಹೆಚ್ಚು ಸಾಂದ್ರತೆಯತ್ತ ಪ್ರೋಟಾನುಗಳನ್ನು ಒತ್ತಬೇಕಾಗುವುದರಿಂದ ಈ ಕೆಲಸಕ್ಕೆ ಅಪಾರ ಶಕ್ತಿ ಬೇಕಾಗುತ್ತದೆ. ಈ ಕಿಣ್ವವೇ ಪ್ರೋಟಾನ್ ಪಂಪು, ಮತ್ತು ಒಮೆಪ್ರಜೋಲ್ ಕೈಯಿಡುವುದು ಇಲ್ಲಿಯೇ.

ದಕ್ಷಿಣ ಭಾರತದಲ್ಲಿ ಹುಣ್ಣಿನ ಕಾಯಿಲೆ

ಇಂದು ಕೆಲವು ವಾರಗಳ ಮಾತ್ರೆಯಲ್ಲಿ ಮುಗಿಯುವ ಡುಯೋಡಿನಮ್ಮಿನ ಹುಣ್ಣು ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ದಕ್ಷಿಣ ಭಾರತದ ಶಸ್ತ್ರವೈದ್ಯರ ಕೈತುಂಬ ಕೆಲಸ ಕೊಟ್ಟ ರೋಗವಾಗಿತ್ತು. ಹಸಿದಾಗ ಮತ್ತು ನಡುರಾತ್ರಿಯಲ್ಲಿ ಎದೆಗುಂಡಿಗೆಯ ಕೆಳಗೆ ಕೊರೆಯುವ ನೋವು ಬರುವುದು, ಏನಾದರೂ ತಿಂದರೆ ತುಸು ಶಮನವಾಗುವುದು ಇದರ ಲಕ್ಷಣ. ಆಯುರ್ವೇದದ ಮಾಧವನಿದಾನದಲ್ಲಿ ಹೇಳಿರುವ ಪರಿಣಾಮಶೂಲ, ಅಂದರೆ ಆಹಾರ ಜೀರ್ಣವಾಗುವ ಹೊತ್ತಿಗೆ ಏಳುವ ನೋವು, ಇದಕ್ಕೆ ಹತ್ತಿರದ ವರ್ಣನೆಯೆಂದು ಹಲವರು ಎಣಿಸುತ್ತಾರೆ. ಎದೆಯುರಿ ಮತ್ತು ಹುಳಿತೇಗಿನ ಕಾಯಿಲೆಗೆ ಆಮ್ಲಪಿತ್ತವೆಂಬ ಹೆಸರು ಇಂದಿಗೂ ಬಳಕೆಯಲ್ಲಿದೆ. ಹುಣ್ಣು ವರ್ಷಗಟ್ಟಲೆ ಮಾಯುತ್ತ ಮರುಕಳಿಸುತ್ತ ಹೋದಲ್ಲಿ ಜಠರದ ಹೊರದಾರಿ ಗಾಯದ ಕಲೆಯಿಂದ ಕಿರಿದಾಗಿ, ಹಿಂದಿನ ದಿನ ಉಂಡದ್ದನ್ನು ರೋಗಿ ಮರುದಿನ ವಾಂತಿ ಮಾಡುವ ಸ್ಥಿತಿ ಬರುತ್ತಿತ್ತು. ದಕ್ಷಿಣದ ಆಸ್ಪತ್ರೆಗಳಿಗೆ ರೋಗಿಗಳು ಹೆಚ್ಚಾಗಿ ಬರುತ್ತಿದ್ದುದು ಈ ಹಂತದಲ್ಲಿ.

ತಿರುವಾಂಕೂರಿನ ದಕ್ಷಿಣ ತುದಿಯ ನೆಯ್ಯೂರಿನಲ್ಲಿ 1920ರ ದಶಕದಿಂದ ಮಿಷನ್ ಆಸ್ಪತ್ರೆ ನಡೆಸಿದ ಹೊವರ್ಡ್ ಸೊಮರ್‌ವೆಲ್, ಎವರೆಸ್ಟ್ ಹತ್ತಲು ಹೊರಟ 1924ರ ತಂಡದಲ್ಲಿದ್ದವನೆಂದು ಹೆಚ್ಚು ಪ್ರಸಿದ್ಧನಾದರೂ, ಜಠರ ಮತ್ತು ಡುಯೋಡಿನಮ್ಮಿನ ಶಸ್ತ್ರಚಿಕಿತ್ಸೆಯಲ್ಲಿ ಅವನಿಗೆ ಸಿಕ್ಕ ಅನುಭವ ಆ ಕಾಲದ ಬ್ರಿಟನ್ನಿನ ದೊಡ್ಡ ಆಸ್ಪತ್ರೆಗಳಲ್ಲಿಯೂ ಸುಲಭವಾಗಿ ದೊರೆಯುವಂಥದ್ದಾಗಿರಲಿಲ್ಲ. ಮೈಸೂರಿನಲ್ಲಿ ಇದೇ ಕೆಲಸ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ನಡೆಯಿತು. ಊರಿನವರು ಮಿಷನ್ ಆಸ್ಪತ್ರೆಯೆಂದೇ ಕರೆಯುವ, 1906ರಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿ 1950 ಮತ್ತು 60ರ ದಶಕಗಳಲ್ಲಿ ಶಸ್ತ್ರವೈದ್ಯರಾಗಿದ್ದ ಫ್ರ್ಯಾಂಕ್ ಟೋವಿ, ರೋಗಿಗಳ ಹೊಟ್ಟೆ ಕೊಯ್ದು ಸರಿಪಡಿಸುವುದರ ಜೊತೆಗೆ ಈ ರೋಗ ಭಾರತದ ಕೆಲವು ಭಾಗಗಳಲ್ಲಿ ಅಷ್ಟೊಂದು, ಕೆಲವು ಭಾಗಗಳಲ್ಲಿ ಇಷ್ಟು ಕಡಿಮೆ ಏಕೆ ಎಂಬ ಪ್ರಶ್ನೆಯನ್ನೂ ಕೈಗೆತ್ತಿಕೊಂಡರು. ದೇಶದ ಬೇರೆ ಬೇರೆ ಆಸ್ಪತ್ರೆಗಳಿಂದ ಮಾಹಿತಿ ಕಲೆಹಾಕಿ ಅವರು ಕಂಡುಕೊಂಡಂತೆ, ದಕ್ಷಿಣ ಮತ್ತು ಪೂರ್ವದ ಅಕ್ಕಿಯೂಟದ ಸೀಮೆಗಳಲ್ಲಿ ಹುಣ್ಣು ಹೆಚ್ಚು, ವಾಯವ್ಯದ ತೌಡು ತೆಗೆಯದ ಗೋಧಿಯನ್ನುಣ್ಣುವ ಸೀಮೆಗಳಲ್ಲಿ ಕಡಿಮೆ. ಅವರ ಸಮೀಕ್ಷೆ 1979ರಲ್ಲಿ ‘ಗಟ್’ ಎಂಬ ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಅದಕ್ಕೂ ಮುನ್ನ ರೈಲ್ವೆಯ ವೈದ್ಯಾಧಿಕಾರಿಯಾಗಿದ್ದ ಎಸ್. ಎಲ್. ಮಲ್ಹೋತ್ರಾ ದೇಶದ ನಾನಾ ಭಾಗಗಳ ರೈಲ್ವೆ ನೌಕರರನ್ನು ಗಮನಿಸಿ ಇಂಥದೇ ತೀರ್ಮಾನಕ್ಕೆ ಬಂದಿದ್ದರು. ಅವರ ಮುಂಬಯಿಯ ಅಧ್ಯಯನದಲ್ಲಿ ಮಾದ ಹುಣ್ಣು ಮರುಕಳಿಸುವುದು ಗೋಧಿಯೂಟದವರಿಗಿಂತ ಅಕ್ಕಿಯೂಟದವರಲ್ಲಿ ಬಹಳ ಹೆಚ್ಚಾಗಿ ಕಂಡಿತ್ತು.

ಟೋವಿ ಮತ್ತು ಅವರ ಸಹೋದ್ಯೋಗಿಗಳು ಮುಂದೆ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಹುಣ್ಣು ಕಡಿಮೆಯಿರುವ ಸೀಮೆಗಳ ಕೆಲವು ಧಾನ್ಯಗಳ ಮತ್ತು ಬೇಳೆಗಳ ಜಿಡ್ಡಿನ ಅಂಶದಲ್ಲಿ ಜಠರವನ್ನು ಕಾಯುವ ಗುಣ ಕಂಡುಬಂದಿತು. ಅವುಗಳಲ್ಲಿ ಮುಖ್ಯವಾದುದು ಹುರುಳಿ. ಹಳೆ ಮೈಸೂರಿನ ಅಡುಗೆಮನೆಗೆ ಹುರುಳಿಕಾಳು ಹೊಸದಲ್ಲವಾದರೂ ಇದರಿಂದ ಹುರುಳಿಸಾರು ಹುಣ್ಣಿಗೆ ಮದ್ದೆಂದು ಹೇಳಲಾಗದು, ಏಕೆಂದರೆ ಪ್ರಯೋಗವಾದದ್ದು ಪ್ರಾಣಿಗಳಲ್ಲಿ, ಬೇರ್ಪಡಿಸಿದ ಕೊಬ್ಬಿನ ಅಂಶದಿಂದ. ಮನುಷ್ಯರಲ್ಲಿ ಅದನ್ನು ಔಷಧದ ಮಟ್ಟಕ್ಕೆ ಒಯ್ಯುವ ಕೆಲಸ ಮುಂದುವರಿಯಲಿಲ್ಲ. ಹಾಗಿದ್ದರೂ ಈ ಸಂಶೋಧನೆಯ ಮೂಲ ಪ್ರಶ್ನೆಗೆ ಇನ್ನೂ ತೂಕವಿದೆ. ಹುಣ್ಣಿಗೆ ಕಾರಣವೆಂದು ಮುಂದೆ ಗೊತ್ತಾದ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ಭಾರತದಲ್ಲಿ ಉತ್ತರ ದಕ್ಷಿಣವೆನ್ನದೆ ವ್ಯಾಪಕವಾಗಿದೆಯೆಂದು ಆಮೇಲೆ ತಿಳಿದಾಗ, ಸೋಂಕು ಎಲ್ಲ ಕಡೆ ಇದ್ದೂ ಹುಣ್ಣು ಕೆಲವು ಕಡೆ ಮಾತ್ರ ಹೆಚ್ಚಿತ್ತೇಕೆ ಎಂಬುದಕ್ಕೆ ಬ್ಯಾಕ್ಟೀರಿಯಾವೊಂದೇ ಉತ್ತರವಾಗಲಾರದೆಂದು ಟೋವಿ ವಾದಿಸಿದರು. ಪುಣೆ ಜಿಲ್ಲೆಯ ಶಿರೂರು ತಾಲ್ಲೂಕಿನಿಂದ ಸೊಲ್ಲಾಪುರ, ವಿಜಯಪುರ, ಕಲಬುರಗಿಗಳವರೆಗೆ ಹರಡಿರುವ ಸಜ್ಜೆ-ಜೋಳದ ಒಣಭೂಮಿಯಲ್ಲಿ ರೊಟ್ಟಿಯೂಟ ಹಿಂದೆ ಸರಿದು ಪಾಲಿಶ್ ಅಕ್ಕಿ ಮತ್ತು ಮೈದಾ ತಟ್ಟೆಗೆ ಬಂದಿರುವ ಈ ಕಾಲದಲ್ಲಿ ಆಹಾರ ಮತ್ತು ಜಠರದ ಸಂಬಂಧವನ್ನು ಮತ್ತೊಮ್ಮೆ ಪರಿಶೀಲಿಸಲು ಅವಕಾಶವಿದೆ.

ಶಸ್ತ್ರಚಿಕಿತ್ಸೆಯ ತರ್ಕ ಸರಳವಾಗಿತ್ತು. ಆಮ್ಲಕ್ಕೆ ಅಪ್ಪಣೆ ತರುವ ವೇಗಸ್ ನರವನ್ನು ಕತ್ತರಿಸುವುದು, ಹೊರದಾರಿ ಮುಚ್ಚಿದ್ದರೆ ಜಠರವನ್ನು ನೇರವಾಗಿ ಮುಂದಿನ ಕರುಳಿಗೆ ಜೋಡಿಸುವುದು, ಕೆಲವೊಮ್ಮೆ ಜಠರದ ಭಾಗವನ್ನೇ ತೆಗೆದುಹಾಕುವುದು. ಹುಣ್ಣು ಮಾಯುತ್ತಿತ್ತು, ಬೆಲೆಯೂ ತೆರಬೇಕಾಗುತ್ತಿತ್ತು: ಊಟವಾದೊಡನೆ ತಲೆಸುತ್ತು ಮತ್ತು ಭೇದಿ, ವರ್ಷಗಳ ಮೇಲೆ ರಕ್ತಹೀನತೆ, ಎಲುಬು ಸವೆತ. ಜಠರ ಕಳೆದುಕೊಂಡವರ ಈ ತೊಂದರೆಗಳ ಕುರಿತೂ ಟೋವಿ ಬರೆದಿದ್ದಾರೆ. ಇಂದಿನ ಯುವ ಶಸ್ತ್ರವೈದ್ಯರಲ್ಲಿ ಹಲವರು ಹುಣ್ಣಿಗಾಗಿ ವೇಗಸ್ ನರ ಕತ್ತರಿಸುವುದನ್ನು ಕಣ್ಣಾರೆ ಕಂಡಿರಲಾರರು. ಹುಣ್ಣು ತೂತಾದಾಗ ಹೊಲಿಗೆ ಹಾಕುವುದೊಂದು ಉಳಿದಿದೆ. ಈ ಬದಲಾವಣೆಯನ್ನು ತಂದದ್ದು ಎರಡು ಔಷಧವರ್ಗಗಳು ಮತ್ತು ಒಂದು ಸೂಕ್ಷ್ಮಜೀವಿಯ ಶೋಧ.

ಔಷಧದ ಶೋಧ

ಮೊದಲ ಔಷಧವರ್ಗ ಹಿಸ್ಟಮೀನಿನ ಬಾಗಿಲನ್ನು ಮುಚ್ಚುವಂಥದು. ಸ್ಮಿತ್ ಕ್ಲೈನ್ ಅಂಡ್ ಫ್ರೆಂಚ್ ಕಂಪನಿಯ ಇಂಗ್ಲೆಂಡಿನ ಪ್ರಯೋಗಾಲಯದಲ್ಲಿ ಜೇಮ್ಸ್ ಬ್ಲ್ಯಾಕ್ ಮತ್ತು ಸಂಗಡಿಗರು ಜಠರದ ಹಿಸ್ಟಮೀನ್ ಗ್ರಾಹಕಗಳು ಅಲರ್ಜಿಗೆ ಸಂಬಂಧಿಸಿದವುಗಳಿಗಿಂತ ಬೇರೆಯೆಂದು 1972ರಲ್ಲಿ ತೋರಿಸಿ, 1976ರಲ್ಲಿ ಸಿಮೆಟಿಡಿನ್ ಎಂಬ ಔಷಧವನ್ನು ಬಳಕೆಗೆ ತಂದರು. ಬ್ಲ್ಯಾಕ್ 1988ರ ನೊಬೆಲ್ ಪಾರಿತೋಷಿಕದಲ್ಲಿ ಪಾಲು ಪಡೆದರು. 1981ರಲ್ಲಿ ಬಂದ ರ್‍ಯಾನಿಟಿಡಿನ್ ಅದನ್ನೂ ಹಿಂದಿಕ್ಕಿತು. ಭಾರತದಲ್ಲಿ ಜಿನೆಟ್ಯಾಕ್, ರ್‍ಯಾಂಟ್ಯಾಕ್, ಅಸಿಲಾಕ್ ಎಂಬ ಹೆಸರುಗಳಲ್ಲಿ ಮನೆಮನೆಗೂ ಗೊತ್ತಾದ ಈ ಮಾತ್ರೆಯಲ್ಲಿ ಕ್ಯಾನ್ಸರಿಗೆ ಕಾರಣವಾಗಬಹುದಾದ ಎನ್‌ಡಿಎಂಎ ಎಂಬ ಕಲ್ಮಶ ಇರುವುದು 2019ರಲ್ಲಿ ಬೆಳಕಿಗೆ ಬಂದು, ಅಮೆರಿಕ 2020ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆಸಿತು. 2022ರ ಭಾರತದ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಿಂದಲೂ ಅದು ಹೊರಬಿದ್ದಿತು. ಹಿಸ್ಟಮೀನನ್ನು ತಡೆದರೂ ಉಳಿದೆರಡು ಅಪ್ಪಣೆಗಳು ಪಂಪಿಗೆ ತಲುಪುತ್ತಲೇ ಇರುವುದರಿಂದ ಮತ್ತು ಬಳಸುತ್ತ ಹೋದಂತೆ ಪರಿಣಾಮ ಕುಗ್ಗುವುದರಿಂದ ಈ ವರ್ಗದ ಶಕ್ತಿಗೆ ಒಂದು ಮಿತಿಯಿದೆ.

ಆ ಮಿತಿಯನ್ನು ದಾಟಿದ ಕೆಲಸ ಸ್ವೀಡನ್ನಿನ ಮೋಲ್ನ್‌ಡಾಲ್ ಪಟ್ಟಣದಲ್ಲಿ, ಆಸ್ಟ್ರಾ ಕಂಪನಿಯ ಅಂಗಸಂಸ್ಥೆಯಾಗಿದ್ದ ಹೆಸ್ಲೆಯಲ್ಲಿ ನಡೆಯಿತು. 1960ರ ದಶಕದ ಉತ್ತರಾರ್ಧದಲ್ಲಿ ಅಲ್ಲಿಯವರು ಹೊರಟದ್ದು ಗ್ಯಾಸ್ಟ್ರಿನ್ನಿನ ಬಿಡುಗಡೆಯನ್ನು ತಡೆಯುವ ವಸ್ತುವೊಂದನ್ನು ಹುಡುಕುವುದಕ್ಕೆ. ಪ್ರೋಟಾನ್ ಪಂಪ್ ಎಂಬುದೊಂದಿದೆಯೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಆ ಹುಡುಕಾಟ ಫಲಿಸದೆ ಬೇರೆ ದಾರಿ ಹಿಡಿದಾಗ, 1970ರ ದಶಕದ ನಡುವಿನಲ್ಲಿ ಟಿಮೊಪ್ರಜೋಲ್ ಎಂಬ ಸಂಯುಕ್ತ ಆಮ್ಲವನ್ನು ಅಸಾಧಾರಣವಾಗಿ ತಗ್ಗಿಸುವುದು ಕಂಡಿತಾದರೂ ಅದು ಥೈರಾಯ್ಡ್ ಗ್ರಂಥಿಯ ಅಯೋಡಿನ್ ಹೀರಿಕೆಗೆ ಅಡ್ಡಿಯಾಗುತ್ತಿತ್ತು. ಇತ್ತ ಅಮೆರಿಕದ ಅಲಬಾಮಾದಲ್ಲಿ ಜಾರ್ಜ್ ಸ್ಯಾಕ್ಸ್ ಮೊದಲಾದವರು ಜಠರದ ಹೈಡ್ರೋಜನ್-ಪೊಟ್ಯಾಸಿಯಂ ಎಟಿಪಿಯೇಸನ್ನು ಅಧ್ಯಯನ ಮಾಡುತ್ತಿದ್ದರು. ಈ ಎರಡು ಕೆಲಸಗಳು ಒಂದಕ್ಕೊಂದು ಸಂಧಿಸಿದಾಗ, ಹೆಸ್ಲೆಯ ವಸ್ತುಗಳು ತಡೆಯುತ್ತಿರುವುದು ಈ ಕಿಣ್ವವನ್ನೇ ಎಂದು ಸ್ಪಷ್ಟವಾಯಿತು. 1979ರಲ್ಲಿ ಎಚ್ 168/68 ಎಂಬ ಸಂಖ್ಯೆಯಡಿ ತಯಾರಾದ ಸಂಯುಕ್ತವೇ ಒಮೆಪ್ರಜೋಲ್.

ಅದರ ದಾರಿಯಲ್ಲೂ ಒಂದು ದೊಡ್ಡ ತಡೆ ಬಂತು. ಜೀವನಪರ್ಯಂತ ಹೆಚ್ಚಿನ ಪ್ರಮಾಣದಲ್ಲಿ ಔಷಧ ಕೊಟ್ಟ ಇಲಿಗಳ ಜಠರದಲ್ಲಿ ಕಾರ್ಸಿನಾಯ್ಡ್ ಎಂಬ ಗಡ್ಡೆಗಳು ಕಂಡದ್ದರಿಂದ 1984ರಲ್ಲಿ ಪರೀಕ್ಷೆಗಳನ್ನು ನಿಲ್ಲಿಸಬೇಕಾಯಿತು. ಆಮ್ಲ ಬಹುಕಾಲ ಇಲ್ಲವಾದಾಗ ಜಠರ ಗ್ಯಾಸ್ಟ್ರಿನ್ನನ್ನು ಅತಿಯಾಗಿ ಸುರಿಸುತ್ತದೆ, ಆ ಹಾರ್ಮೋನು ಹಿಸ್ಟಮೀನ್ ತಯಾರಿಸುವ ಜೀವಕೋಶಗಳನ್ನು ಬೆಳೆಸುತ್ತದೆ, ಗಡ್ಡೆಗೆ ಕಾರಣ ಔಷಧದ ವಿಷವಲ್ಲ ಎಂದು ತಿಳಿದ ಮೇಲೆ ಕೆಲಸ ಮುಂದುವರಿಯಿತು. 1988ರಲ್ಲಿ ಲೋಸೆಕ್ ಎಂಬ ಹೆಸರಿನಲ್ಲಿ ಔಷಧ ಮಾರಾಟಕ್ಕೆ ಬಂತು. ಅಮೆರಿಕದಲ್ಲಿ ಈ ಹೆಸರು ಮೂತ್ರ ಹೆಚ್ಚಿಸುವ ಲೇಸಿಕ್ಸ್ ಜೊತೆ ಗೊಂದಲವಾಗುತ್ತಿದ್ದುದರಿಂದ 1990ರಲ್ಲಿ ಅದನ್ನು ಪ್ರಿಲೋಸೆಕ್ ಎಂದು ಬದಲಿಸಿದರು.

ಕೆಲಸ ಮಾಡುವ ಬಗೆ

ಒಮೆಪ್ರಜೋಲ್ ನುಂಗಿದ ರೂಪದಲ್ಲಿ ನಿಷ್ಕ್ರಿಯ. ದೇಹದೊಳಗೆ ಮಾರ್ಪಟ್ಟ ಮೇಲಷ್ಟೇ ಕೆಲಸ ಮಾಡುವ ಇಂಥ ವಸ್ತುವನ್ನು ಪೂರ್ವೌಷಧವೆನ್ನುತ್ತಾರೆ. ವಿಚಿತ್ರವೆಂದರೆ ಅದನ್ನು ಮಾರ್ಪಡಿಸುವುದು ಆಮ್ಲವೇ, ಆದರೆ ಜಠರದ ಪೊಳ್ಳಿನಲ್ಲಿ ಆಮ್ಲದ ಕೈಗೆ ಸಿಕ್ಕರೆ ಅದು ತಲುಪಬೇಕಾದಲ್ಲಿಗೆ ತಲುಪುವ ಮೊದಲೇ ಕೆಟ್ಟುಹೋಗುತ್ತದೆ. ಆದ್ದರಿಂದ ಕ್ಯಾಪ್ಸೂಲಿನೊಳಗಿನ ಸಣ್ಣ ಸಣ್ಣ ಗುಳಿಗೆಗಳಿಗೆ ಕರುಳಿನಲ್ಲಿ ಮಾತ್ರ ಕರಗುವ ಲೇಪವಿರುತ್ತದೆ, ಮತ್ತು ಅವನ್ನು ಅಗಿಯಬಾರದು, ಪುಡಿ ಮಾಡಬಾರದು. ಸಣ್ಣ ಕರುಳಿನಲ್ಲಿ ಹೀರಲ್ಪಟ್ಟು ರಕ್ತದ ಮೂಲಕ ಪೆರೈಟಲ್ ಜೀವಕೋಶವನ್ನು ಮುಟ್ಟಿದ ಔಷಧ, ಅಲ್ಲಿನ ಆಮ್ಲ ಹೊರಬೀಳುವ ಕಿರುನಾಳಗಳಲ್ಲಿ ಸಂಗ್ರಹವಾಗಿ, ಅಲ್ಲಿ ರೂಪಾಂತರಗೊಂಡು ಪಂಪಿನ ಸಿಸ್ಟೀನ್ ಎಂಬ ಅಮೈನೋ ಆಮ್ಲಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ದೇಹದಲ್ಲಿ ಇಷ್ಟು ಆಮ್ಲೀಯವಾದ ಜಾಗ ಇನ್ನೊಂದಿಲ್ಲದಿರುವುದರಿಂದ ಬೇರೆ ಅಂಗಗಳಿಗೆ ಇದರ ಕಾಟ ಕಡಿಮೆ. ರಕ್ತದಲ್ಲಿ ಔಷಧ ಅರ್ಧಕ್ಕಿಳಿಯಲು ಸುಮಾರು ಒಂದು ಗಂಟೆ ಸಾಕು. ಪರಿಣಾಮ ಮಾತ್ರ ಒಂದು ದಿನಕ್ಕೂ ಮೀರಿ ನಿಲ್ಲುತ್ತದೆ, ಏಕೆಂದರೆ ಔಷಧ ಅಂಟಿಕೊಂಡ ಪಂಪು ಮತ್ತೆ ತೆರೆಯುವುದು ವಿರಳ, ಜೀವಕೋಶ ಹೊಸ ಪಂಪನ್ನು ಕಟ್ಟಿಕೊಳ್ಳಬೇಕು.

ಯಾವಾಗ ನುಂಗಬೇಕು ಎಂಬ ನಿಯಮವೂ ಇದರಿಂದಲೇ ಹುಟ್ಟಿದೆ. ಔಷಧ ಹಿಡಿಯುವುದು ಕೆಲಸದಲ್ಲಿರುವ ಪಂಪುಗಳನ್ನು ಮಾತ್ರ, ಪಂಪುಗಳು ದೊಡ್ಡ ಸಂಖ್ಯೆಯಲ್ಲಿ ಕೆಲಸಕ್ಕಿಳಿಯುವುದು ಊಟ ಬಂದಾಗ. ರಾತ್ರಿಯಿಡೀ ಉಪವಾಸದ ನಂತರ ಪಂಪುಗಳ ಸಂಖ್ಯೆ ಹೆಚ್ಚಿರುವ ಬೆಳಗಿನ ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು ನುಂಗಿದರೆ ಇಡ್ಲಿಯೋ ರೊಟ್ಟಿಯೋ ಹೊಟ್ಟೆಗಿಳಿಯುವ ಹೊತ್ತಿಗೆ ಔಷಧ ರಕ್ತದಲ್ಲಿ ಸಿದ್ಧವಾಗಿರುತ್ತದೆ. ಮಲಗುವಾಗ ಬರಿಹೊಟ್ಟೆಯಲ್ಲಿ ನುಂಗಿದ ಮಾತ್ರೆಯ ಬಹುಭಾಗ ವ್ಯರ್ಥ. ಶಿರೂರು ತಾಲ್ಲೂಕಿನ ರಾಂಜಣಗಾಂವ್ ಕೈಗಾರಿಕಾ ವಸಾಹತಿನಲ್ಲಿಯೋ ಬೆಂಗಳೂರಿನ ಪೀಣ್ಯದಲ್ಲಿಯೋ ರಾತ್ರಿ ಪಾಳಿ ಮಾಡಿ ಬೆಳಗ್ಗೆ ಮಲಗುವವರು ಬೆಳಗಿನ ಮಾತ್ರೆಯೆಂಬ ಚೀಟಿಯನ್ನು ಅಕ್ಷರಶಃ ಪಾಲಿಸಿದರೆ ಪ್ರಯೋಜನವಾಗದು. ಅವರಿಗೆ ಲೆಕ್ಕ ಗಡಿಯಾರದ್ದಲ್ಲ, ನಿದ್ದೆಯೆದ್ದು ಉಣ್ಣುವ ಮೊದಲ ಊಟದ್ದು. ಒಂದೇ ಮಾತ್ರೆಯಲ್ಲಿ ಪೂರ್ಣ ಫಲವೂ ಸಿಗದು: ಎಲ್ಲ ಪಂಪುಗಳೂ ಒಮ್ಮೆಲೇ ಕೆಲಸದಲ್ಲಿರುವುದಿಲ್ಲವಾದ್ದರಿಂದ ಪರಿಣಾಮ ಗರಿಷ್ಠಕ್ಕೆ ಮುಟ್ಟಲು ಮೂರರಿಂದ ಐದು ದಿನ ಬೇಕು. ತಕ್ಷಣದ ಉರಿಗೆ ಜೆಲುಸಿಲ್, ಡೈಜಿನ್‌ನಂಥ ಆಮ್ಲಶಾಮಕಗಳೇ ವೇಗ.

ಒಮೆಪ್ರಜೋಲನ್ನು ಒಡೆಯುವುದು ಯಕೃತ್ತಿನ ಸಿವೈಪಿ2ಸಿ19 ಎಂಬ ಕಿಣ್ವ. ಇದು ಹುಟ್ಟಿನಿಂದಲೇ ಕೆಲವರಲ್ಲಿ ಚುರುಕು, ಕೆಲವರಲ್ಲಿ ಮಂದ. ಮಂದವಾಗಿರುವವರ ಪ್ರಮಾಣ ಯುರೋಪಿನವರಿಗಿಂತ ಏಷ್ಯಾದವರಲ್ಲಿ ಹೆಚ್ಚು. ಅದೇ 20 ಮಿಲಿಗ್ರಾಂ ಒಬ್ಬರಿಗೆ ಸಾಲದೆ ಇನ್ನೊಬ್ಬರಿಗೆ ಧಾರಾಳವಾಗುವುದಕ್ಕೆ ಇದೊಂದು ಕಾರಣ. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ತೆಗೆದುಕೊಳ್ಳುವ ಕ್ಲೊಪಿಡೊಗ್ರೆಲ್ ಸಕ್ರಿಯವಾಗಲು ಇದೇ ಕಿಣ್ವ ಬೇಕಾಗುವುದರಿಂದ, ಅಂಥವರಿಗೆ ಒಮೆಪ್ರಜೋಲ್ ಮತ್ತು ಎಸೊಮೆಪ್ರಜೋಲ್ ಬಿಟ್ಟು ಈ ಕಿಣ್ವಕ್ಕೆ ಕಡಿಮೆ ಅಡ್ಡಿ ಮಾಡುವ ಪ್ಯಾಂಟೊಪ್ರಜೋಲ್ ಕೊಡುವುದು ರೂಢಿ.

ಬಳಕೆ

ಡುಯೋಡಿನಮ್ಮಿನ ಹುಣ್ಣಿಗೆ ಸಾಮಾನ್ಯವಾಗಿ ನಾಲ್ಕು ವಾರ, ಜಠರದ ಹುಣ್ಣಿಗೆ ಮತ್ತು ಅನ್ನನಾಳದ ಉರಿಯೂತಕ್ಕೆ ಎಂಟು ವಾರ ದಿನಕ್ಕೆ ಒಂದು ಮಾತ್ರೆ ಸಾಕು. ಬಳಗದ ಔಷಧಗಳ ನಡುವಿನ ವ್ಯತ್ಯಾಸವನ್ನು ಜಾಹೀರಾತುಗಳು ಹಿಗ್ಗಿಸುವಷ್ಟು ರೋಗಿಯ ಹೊಟ್ಟೆ ಗುರುತಿಸುವುದಿಲ್ಲ: ಒಮೆಪ್ರಜೋಲ್ 20, ಪ್ಯಾಂಟೊಪ್ರಜೋಲ್ 40, ರೇಬಿಪ್ರಜೋಲ್ 20, ಲ್ಯಾನ್ಸೊಪ್ರಜೋಲ್ 30 ಮಿಲಿಗ್ರಾಂ ಹೆಚ್ಚುಕಡಿಮೆ ಒಂದೇ ಕೆಲಸ ಮಾಡುತ್ತವೆ. ಎಸೊಮೆಪ್ರಜೋಲ್ ಅಂತೂ ಒಮೆಪ್ರಜೋಲಿನೊಳಗಿರುವ, ಪರಸ್ಪರ ಕನ್ನಡಿಬಿಂಬದಂತಿರುವ ಎರಡು ಅಣುರೂಪಗಳಲ್ಲಿ ಒಂದು. ಮೂಲ ಔಷಧದ ಪೇಟೆಂಟ್ ಮುಗಿಯುವ ಹೊತ್ತಿಗೆ, 2000ದಲ್ಲಿ, ಅದು ಪೇಟೆಗೆ ಬಂದದ್ದನ್ನು ಕೇವಲ ವಿಜ್ಞಾನದ ಪ್ರಗತಿಯೆಂದು ಕಾಣುವುದು ಕಷ್ಟ.

ಹುಣ್ಣಿನ ಚಿಕಿತ್ಸೆಯ ಅರ್ಥವನ್ನೇ ಬದಲಿಸಿದ್ದು ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಾ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಇದನ್ನು ಜಠರದಿಂದ ಬೇರ್ಪಡಿಸಿ ಬೆಳೆಸಿದರು. ಮಾರ್ಷಲ್ 1984ರಲ್ಲಿ ತಾನೇ ಅದನ್ನು ಕುಡಿದು ಜಠರದ ಉರಿಯೂತ ತಂದುಕೊಂಡ ಪ್ರಸಂಗ ವೈದ್ಯಕೀಯ ಇತಿಹಾಸದಲ್ಲಿ ಪ್ರಸಿದ್ಧ. ಇಬ್ಬರಿಗೂ 2005ರಲ್ಲಿ ನೊಬೆಲ್ ಪಾರಿತೋಷಿಕ ಬಂತು. ಸೋಂಕಿದ್ದಲ್ಲಿ ಆಮ್ಲವನ್ನಷ್ಟೇ ತಗ್ಗಿಸಿದರೆ ಹುಣ್ಣು ಮಾದು ಮತ್ತೆ ಬರುತ್ತದೆ, ಸೋಂಕನ್ನು ಅಳಿಸಿದರೆ ಮರುಕಳಿಸುವುದು ಅಪರೂಪ. ಆದ್ದರಿಂದ ಒಮೆಪ್ರಜೋಲಿನ ಜೊತೆ ಅಮಾಕ್ಸಿಸಿಲಿನ್ ಮತ್ತು ಕ್ಲಾರಿಥ್ರೊಮೈಸಿನ್ ಎಂಬ ಎರಡು ಆಂಟಿಬಯಾಟಿಕ್‌ಗಳನ್ನು ಎರಡು ವಾರ ಕೊಡುವ ಕ್ರಮ ಬಂತು. ಭಾರತದಲ್ಲಿ ಮೆಟ್ರೊನಿಡಜೋಲ್ ಎಂಬ ಇನ್ನೊಂದು ಆಂಟಿಬಯಾಟಿಕ್ಕಿಗೆ ಈ ಬ್ಯಾಕ್ಟೀರಿಯಾ ಬಹುಪಾಲು ಬಗ್ಗುವುದಿಲ್ಲ, ಕ್ಲಾರಿಥ್ರೊಮೈಸಿನ್ನಿಗೂ ಪ್ರತಿರೋಧ ಬೆಳೆಯುತ್ತಿದೆ. ಹೀಗಾಗಿ ಬಿಸ್ಮತ್ ಸೇರಿಸಿದ ನಾಲ್ಕು ಔಷಧಗಳ ಕ್ರಮಕ್ಕೆ ಮಹತ್ವ ಬಂದಿದೆ. ಸೋಂಕು ಇಷ್ಟು ವ್ಯಾಪಕವಾಗಿರುವ ಭಾರತದಲ್ಲಿ ಜಠರದ ಕ್ಯಾನ್ಸರ್ ಅದಕ್ಕೆ ತಕ್ಕಷ್ಟು ಇಲ್ಲದಿರುವುದು ಇನ್ನೂ ಪೂರ್ತಿ ಬಿಡಿಸಲಾಗದ ಒಗಟು.

ರಕ್ತ ಸುರಿಯುವ ಹುಣ್ಣಿಗೆ ಈ ಔಷಧಗಳನ್ನು ರಕ್ತನಾಳದ ಮೂಲಕ ಕೊಡುತ್ತಾರೆ; ಎಂಡೋಸ್ಕೋಪಿಯಲ್ಲಿ ರಕ್ತ ನಿಲ್ಲಿಸಿದ ಮೇಲೆ 80 ಮಿಲಿಗ್ರಾಂ ಒಮ್ಮೆಗೆ, ನಂತರ ಗಂಟೆಗೆ 8 ಮಿಲಿಗ್ರಾಂನಂತೆ ಮೂರು ದಿನ ಪ್ಯಾಂಟೊಪ್ರಜೋಲ್ ಹನಿಸುವುದು ಒಂದು ಪ್ರಚಲಿತ ಕ್ರಮ. ಮಂಡಿನೋವಿಗೆ ಡೈಕ್ಲೊಫೆನಾಕ್ ನುಂಗುತ್ತಿರುವ ವಯಸ್ಸಾದವರಿಗೆ, ಹೃದ್ರೋಗಕ್ಕೆ ಆಸ್ಪಿರಿನ್ ಪಡೆಯುತ್ತಿರುವ, ಹಿಂದೆ ಹುಣ್ಣಾಗಿದ್ದವರಿಗೆ ಜಠರದ ರಕ್ಷಣೆಗಾಗಿ ಕೊಡುವುದು ನ್ಯಾಯವಾದ ಬಳಕೆ. ಗ್ಯಾಸ್ಟ್ರಿನ್ ಸುರಿಸುವ ಗಡ್ಡೆಯಿಂದಾಗುವ, 1955ರಲ್ಲಿ ವರ್ಣಿತವಾದ ಜೊಲಿಂಜರ್-ಎಲ್ಲಿಸನ್ ರೋಗದಲ್ಲಿ ಬಲು ದೊಡ್ಡ ಪ್ರಮಾಣ ಬೇಕಾಗುತ್ತದೆ.

ಭಾರತದಲ್ಲಿ

1970ರ ಭಾರತೀಯ ಪೇಟೆಂಟ್ ಕಾಯ್ದೆ 1972ರಲ್ಲಿ ಜಾರಿಗೆ ಬಂದು 2005ರವರೆಗೆ ಔಷಧಗಳಲ್ಲಿ ವಸ್ತುವಿಗೆ ಪೇಟೆಂಟ್ ಕೊಡದೆ ತಯಾರಿಕೆಯ ವಿಧಾನಕ್ಕಷ್ಟೇ ಕೊಡುತ್ತಿದ್ದುದರಿಂದ, ಬೇರೆ ವಿಧಾನದಲ್ಲಿ ಅದೇ ವಸ್ತುವನ್ನು ತಯಾರಿಸಲು ಇಲ್ಲಿನ ಕಂಪನಿಗಳಿಗೆ ದಾರಿಯಿತ್ತು. ಒಮೆಪ್ರಜೋಲ್ ಜಗತ್ತಿನ ಅತಿ ಹೆಚ್ಚು ವಹಿವಾಟಿನ ಔಷಧಗಳ ಸಾಲಿನಲ್ಲಿ ಮುಂದಿದ್ದ 1990ರ ದಶಕದಲ್ಲಿಯೇ ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿಯ ಓಮೆಜ್ ಇಲ್ಲಿ ಮನೆಮಾತಾಗಿ ರಷ್ಯಾದವರೆಗೂ ಹೋಯಿತು. ಇಂದು ಕರ್ನಾಟಕದಲ್ಲಿ ಓಮೆಜ್‌ಗಿಂತ ಪ್ಯಾನ್, ಪ್ಯಾಂಟೊಸಿಡ್, ರೇಜೊ ಎಂಬ ಹೆಸರುಗಳು ಹೆಚ್ಚು ಕೇಳಿಬರುತ್ತವೆ. ಜನೌಷಧಿ ಕೇಂದ್ರಗಳಲ್ಲಿ ಇವೇ ಔಷಧಗಳು ಬ್ರ್ಯಾಂಡ್ ಹೆಸರಿಲ್ಲದೆ ಅಗ್ಗವಾಗಿ ಸಿಗುತ್ತವೆ. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಷೆಡ್ಯೂಲ್ ಎಚ್ ಪಟ್ಟಿಯಲ್ಲಿ ಒಮೆಪ್ರಜೋಲ್ ಇದ್ದರೂ ಆ ನಿಯಮ ಔಷಧದಂಗಡಿಯ ಕಟ್ಟೆಯನ್ನು ದಾಟಿ ಒಳಗೆ ಹೋಗುವುದು ಕಡಿಮೆ.

ಅನಗತ್ಯ ಬಳಕೆಯ ಒಂದು ದೊಡ್ಡ ಮೂಲ ಬೇರೆಯದು. ಜ್ವರಕ್ಕೋ ಗಾಯಕ್ಕೋ ಆಂಟಿಬಯಾಟಿಕ್ ಬರೆದ ಚೀಟಿಯಲ್ಲಿ ‘ಹೊಟ್ಟೆಗೊಂದು ಮಾತ್ರೆ’ ಎಂದು ಪ್ಯಾಂಟೊಪ್ರಜೋಲ್ ಸೇರುವುದು ವಾಡಿಕೆಯಾಗಿದೆ. ಅಂಥ ಆಂಟಿಬಯಾಟಿಕ್‌ಗಳು ಜಠರದಲ್ಲಿ ಹುಣ್ಣು ಮಾಡುವುದಿಲ್ಲ, ಅವು ತರುವ ಹೊಟ್ಟೆ ತೊಳಸುವಿಕೆಗೆ ಆಮ್ಲ ತಗ್ಗಿಸುವುದು ಪರಿಹಾರವೂ ಅಲ್ಲ. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಬರೆದ ಮಾತ್ರೆಯನ್ನು ಯಾರೂ ನಿಲ್ಲಿಸಲು ಹೇಳದ ಕಾರಣ ವರ್ಷಗಟ್ಟಲೆ ನುಂಗುವವರೂ ಇದ್ದಾರೆ. ಇದಕ್ಕಿಂತ ಅಪಾಯಕಾರಿಯಾದದ್ದು ಎದೆನೋವನ್ನು ಗ್ಯಾಸ್ಟ್ರಿಕ್ ಎಂದು ಬಗೆಯುವುದು. ಹೃದಯಾಘಾತದ ನೋವು ಎದೆಗುಂಡಿಗೆಯ ಉರಿಯಂತೆ, ಉಬ್ಬರದಂತೆ, ಬೆವರಿನೊಡನೆ ಬರಬಹುದು, ಸಕ್ಕರೆ ಕಾಯಿಲೆಯವರಲ್ಲಿ ನೋವಿಲ್ಲದೆಯೂ ಇರಬಹುದು; ಮಾತ್ರೆ ನುಂಗಿ ಅಥವಾ ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಯಾಸ್ಟ್ರಿಕ್ ಇಂಜೆಕ್ಷನ್ ಹಾಕಿಸಿಕೊಂಡು ಕಾಯುವ ಗಂಟೆಗಳಲ್ಲಿ ಹೃದಯದ ಸ್ನಾಯು ಸಾಯುತ್ತದೆ. ಕರ್ನಾಟಕ ಸರ್ಕಾರ 2023ರಲ್ಲಿ ಆರಂಭಿಸಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೂರದ ತಜ್ಞರಿಗೆ ಕಳಿಸಿ, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ಹೊಸದಾಗಿ ಬಂದ ಎದೆಯುರಿಗೆ, ಅದರಲ್ಲೂ ನಡುವಯಸ್ಸು ದಾಟಿದವರಲ್ಲಿ, ಮೊದಲು ಆಗಬೇಕಾದದ್ದು ಇಸಿಜಿ.

ಅಡ್ಡಪರಿಣಾಮಗಳು ಮತ್ತು ನಿಲ್ಲಿಸುವ ಕ್ರಮ

ಕೆಲವು ವಾರಗಳ ಬಳಕೆಯಲ್ಲಿ ತಲೆನೋವು, ಭೇದಿ, ಹೊಟ್ಟೆನೋವಿಗಿಂತ ಹೆಚ್ಚಿನದು ವಿರಳ. ದೀರ್ಘಕಾಲದ ಬಳಕೆಯ ಕುರಿತ ಆತಂಕಗಳಲ್ಲಿ ಎಲ್ಲವೂ ಒಂದೇ ತೂಕದವಲ್ಲ. ಬಿ12 ಜೀವಸತ್ವ ಮತ್ತು ಮೆಗ್ನೀಸಿಯಂ ಕಡಿಮೆಯಾಗುವುದು, ಕರುಳಿನ ಸೋಂಕು ಹೆಚ್ಚುವುದು, ಅಪರೂಪಕ್ಕೆ ಮೂತ್ರಪಿಂಡದ ಉರಿಯೂತ ಬರುವುದು ಇವು ಔಷಧದ ಗುಣದಿಂದ ಅರ್ಥವಾಗುವಂಥವು. ಸೊಂಟದ ಮೂಳೆ ಮುರಿತ, ಮರೆವಿನ ಕಾಯಿಲೆ ಮೊದಲಾದವು ಬಹುಪಾಲು ವೀಕ್ಷಣೆಯ ಅಧ್ಯಯನಗಳಲ್ಲಿ ಕಂಡ ಸಂಬಂಧಗಳು, ಮತ್ತು ಮಾತ್ರೆ ನುಂಗುವವರು ಮೊದಲೇ ಹೆಚ್ಚು ಕಾಯಿಲೆಯವರಾಗಿರುವುದು ಅಲ್ಲಿ ಲೆಕ್ಕವನ್ನು ಕೆಡಿಸುತ್ತದೆ. 17,598 ಮಂದಿಗೆ ಪ್ಯಾಂಟೊಪ್ರಜೋಲ್ ಅಥವಾ ಹುಸಿಮಾತ್ರೆ ಕೊಟ್ಟು ಸುಮಾರು ಮೂರು ವರ್ಷ ಗಮನಿಸಿ 2019ರಲ್ಲಿ ಪ್ರಕಟಿಸಿದ ಅಂತರರಾಷ್ಟ್ರೀಯ ಪ್ರಯೋಗದಲ್ಲಿ ಸ್ಪಷ್ಟವಾಗಿ ಹೆಚ್ಚು ಕಂಡದ್ದು ಕರುಳಿನ ಸೋಂಕೊಂದೇ. ಕಲುಷಿತ ನೀರು ಮತ್ತು ಆಹಾರದ ಭಯವಿನ್ನೂ ಹೋಗದ ಭಾರತದಲ್ಲಿ ಆ ಒಂದೇ ಅಂಶಕ್ಕೂ ಬೆಲೆ ಕೊಡಬೇಕಾಗುತ್ತದೆ. ರಕ್ತಹೀನತೆಗೆ ಕಬ್ಬಿಣದ ಮಾತ್ರೆ, ಥೈರಾಯ್ಡಿಗೆ ಥೈರಾಕ್ಸಿನ್ ತೆಗೆದುಕೊಳ್ಳುವವರಲ್ಲಿ ಅವುಗಳ ಹೀರಿಕೆಯೂ ಕುಗ್ಗುತ್ತದೆ.

ತಿಂಗಳುಗಟ್ಟಲೆ ನುಂಗಿದ ಮಾತ್ರೆಯನ್ನು ತಟ್ಟನೆ ಬಿಟ್ಟಾಗ ಆಮ್ಲ ಮೊದಲಿಗಿಂತ ಹೆಚ್ಚಾಗಿ ಸುರಿಯುವುದುಂಟು. ಔಷಧದ ಕಾಲದಲ್ಲಿ ಏರಿದ ಗ್ಯಾಸ್ಟ್ರಿನ್ ಬೆಳೆಸಿಟ್ಟ ಜೀವಕೋಶಗಳು ಒಮ್ಮೆಲೇ ಬಿಡುಗಡೆಯಾಗುವುದೇ ಇದಕ್ಕೆ ಕಾರಣ. ಯಾವ ಕಾಯಿಲೆಯೂ ಇಲ್ಲದ ಸ್ವಯಂಸೇವಕರಿಗೆ ಎಂಟು ವಾರ ಔಷಧ ಕೊಟ್ಟು ನಿಲ್ಲಿಸಿದಾಗ ಅವರಲ್ಲಿಯೂ ಎದೆಯುರಿ ಬಂದದ್ದನ್ನು 2009ರ ಡೆನ್ಮಾರ್ಕಿನ ಅಧ್ಯಯನವೊಂದು ದಾಖಲಿಸಿದೆ. ಈ ಉರಿಯನ್ನು ರೋಗ ಮರಳಿತೆಂದು ತಿಳಿದು ಮತ್ತೆ ಮಾತ್ರೆಗೆ ಹಿಂದಿರುಗುವುದರಿಂದ ಬಳಕೆ ಮುಗಿಯುವುದೇ ಇಲ್ಲ. ಪ್ರಮಾಣವನ್ನು ಅರ್ಧಕ್ಕಿಳಿಸುವುದು, ದಿನ ಬಿಟ್ಟು ದಿನಕ್ಕೆ ತರುವುದು, ನಡುವೆ ಉರಿ ಬಂದರೆ ಆಮ್ಲಶಾಮಕದಿಂದ ತಡೆಯುವುದು, ರಾತ್ರಿಯೂಟಕ್ಕೂ ಮಲಗುವುದಕ್ಕೂ ಎರಡು ಮೂರು ಗಂಟೆಯ ಅಂತರವಿಡುವುದು, ಹಾಸಿಗೆಯ ತಲೆಭಾಗವನ್ನು ಎತ್ತರಿಸುವುದು, ಬೀಡಿ ಮತ್ತು ಹೊಗೆಸೊಪ್ಪು ಬಿಡುವುದು ವೈದ್ಯರು ಸೂಚಿಸುವ ಕ್ರಮ. ಹುಣ್ಣಿನಿಂದ ರಕ್ತ ಸುರಿದಿದ್ದು ಆಸ್ಪಿರಿನ್ ಬಿಡಲಾಗದವರು, ಅನ್ನನಾಳ ತೀವ್ರವಾಗಿ ಹಾಳಾದವರು ಮಾತ್ರ ಇದಕ್ಕೆ ಅಪವಾದ, ಅವರು ನಿಲ್ಲಿಸಬಾರದು.

ಹೊಸ ತಲೆಮಾರು

ಪೊಟ್ಯಾಸಿಯಂ ಪಂಪಿನೊಳಕ್ಕೆ ಬರುವ ದಾರಿಗೇ ಅಡ್ಡ ಕೂರುವ ವೊನೊಪ್ರಜಾನ್ ಎಂಬ ಔಷಧವನ್ನು ಜಪಾನಿನ ಟಕೇಡಾ ಕಂಪನಿ ರೂಪಿಸಿತು. 2014ರ ಕೊನೆಗೆ ಜಪಾನಿನಲ್ಲಿ, 2023ರಲ್ಲಿ ಅಮೆರಿಕದಲ್ಲಿ ಅನ್ನನಾಳದ ಉರಿಯೂತಕ್ಕೆ ಅನುಮತಿ ಪಡೆದ ಇದು ಈಚೆಗೆ ಭಾರತದಲ್ಲೂ ದೊರೆಯುತ್ತಿದೆ. ಇದಕ್ಕೆ ಆಮ್ಲದಿಂದ ಮಾರ್ಪಡುವ ಅಗತ್ಯವಿಲ್ಲ, ಲೇಪವೂ ಬೇಡ, ಊಟದ ಹೊತ್ತಿನ ಕಟ್ಟುಪಾಡೂ ಇಲ್ಲ. ಮೊದಲ ದಿನದಿಂದಲೇ ಪೂರ್ಣ ಪರಿಣಾಮ ಕಾಣುತ್ತದೆ, ಮತ್ತು ಸಿವೈಪಿ2ಸಿ19ರ ಚುರುಕು ಮಂದಗಳು ಇದನ್ನು ಅಷ್ಟಾಗಿ ಬಾಧಿಸುವುದಿಲ್ಲ. ಆಮ್ಲ ಹೆಚ್ಚು ಇಳಿದಷ್ಟೂ ಗ್ಯಾಸ್ಟ್ರಿನ್ ಹೆಚ್ಚು ಏರುವುದರಿಂದ ಇದನ್ನು ನುಂಗುವವರಲ್ಲಿ ಆ ಹಾರ್ಮೋನಿನ ಮಟ್ಟ ಒಮೆಪ್ರಜೋಲ್ ಬಳಗದವನ್ನು ನುಂಗುವವರಿಗಿಂತ ಮೇಲಿರುತ್ತದೆ. ಆ ಕಾರಣದಿಂದ ಜಪಾನಿನಲ್ಲಿ ರೋಗಿಗಳ ಜಠರದ ಒಳಪೊರೆಯನ್ನು ಐದು ವರ್ಷ ಎಂಡೋಸ್ಕೋಪಿಯಿಂದ ನೋಡುತ್ತ ಹೋದ ಅಧ್ಯಯನವೊಂದು ನಡೆದಿದೆ. ಬೆಲೆಯಲ್ಲಿ ಒಮೆಪ್ರಜೋಲ್ ಇನ್ನೂ ಬಹಳ ಕೆಳಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಮಾದರಿ ಪಟ್ಟಿಯಲ್ಲಿ ಈ ಬಳಗದ ಪ್ರತಿನಿಧಿಯಾಗಿ ನಿಂತಿರುವುದೂ ಅದೇ.